ಎರಡು ಮೊಳದ ಲೆನ್ಸು

ಹೆಣ್ಣು ನೋಡಲು ನಮ್ಮ ಕಾಕಾ ಹೋಗಿದ್ದು ಒಂದೇ ಮನೆಗೆ. ಬಸಿಗೆ ಹಾಕಿದ ಚಹಾ ಆರುವುದರೊಳಗೆ 'ಹೂಂ' ಅಂದಿದ್ದರಂತೆ. ಅದೇ ಕಾಕಾ ಒಂದು ಬಳೆ ಆರಿಸಲು ಬರೋಬ್ಬರಿ ನಾಲ್ಕು ತಿಂಗಳು ತೆಗೆದುಕೊಂಡರು! ಕಾಕುವಿನ ಕೈಗೆ ಹಾಕುವ ಬಳೆ ಅಂದುಕೊಂಡಿರೇನು? ಅಲ್ಲವೇ ಅಲ್ಲ, ಕ್ಯಾಮೆರಾದ ಬಾಯಿಗೆ ಹಾಕುವ ಬಳೆ. ಈ ಮಾತು ಬಂದಾಗಲೆಲ್ಲ ಕಾಕು ಅನ್ನುತ್ತಿದ್ದಳು: "ನನ್ನ ಆರಿಸಾಕ ಅರ್ಧಾ ತಾಸು ಸುದ್ದಾ ಹತ್ತಲಿಲ್ಲ ನೋಡವಾ. ಆದ್ರೂ ಬಾಳಿಕಿ ಬಂದೇನಿ."

ಎಪ್ಪತ್ತರ ದಶಕದ ಮಾತಿದು. ನಮ್ಮ ಮನೆ ತಿಕೋಟಾದಲ್ಲಿ. ಅಪ್ಪ ಅಲ್ಲಿ ಹೊಲ ನೋಡಿಕೊಂಡಿದ್ದ, ಜೊತೆಗೆ ಆಯಿ, ಅಂದರೆ ಅಪ್ಪನ ತಾಯಿ. ಅಪ್ಪನ ತಮ್ಮ ಈ ಕಾಕಾ ವಿಜಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ನಾನು ಕಾಲೇಜಿಗೆಂದು ಅವರ ಮನೆಯಲ್ಲಿದ್ದೆ. ಓದಿದ್ದಕ್ಕಿಂತ ಕಾಕಾನ ಪರಿಪಾಟಲು ನೋಡಿದ್ದೇ ಹೆಚ್ಚು.

ಕಾಕಾನ ಬಳಿ ಒಂದು ರಷ್ಯದ ಕ್ಯಾಮೆರಾ ಇತ್ತು. ಅದರ ಲೆನ್ಸನ್ನು ಬಾಟ್ಲಿಯ ಮುಚ್ಚಳದ ಹಾಗೆ ಸುತ್ತಿ ಸುತ್ತಿ ಕೂಡಿಸಬೇಕು. ಒಂದು ದಿನ ಮಮದಾಪುರದ ಕೆರೆಯ ಫೋಟೋ ತೆಗೆಯಲು ಹೋದವರು, ಕಟ್ಟೆಯ ಮೇಲೆ ಕೂತು ಲೆನ್ಸು ಬಿಚ್ಚಿ, ಧೋತರದ ಚುಂಗಿನಿಂದ ಒರೆಸಲು ಶುರು ಮಾಡಿದರು. ತೊಡೆಯ ಮೇಲಿದ್ದ ಕ್ಯಾಮೆರಾ ಜಾರಿ ಬುಳಕ್ ಅಂತ ನೀರಿಗೆ ಬಿತ್ತು. ಕಾಕಾ ಬಲಗೈಯಲ್ಲಿ ಲೆನ್ಸನ್ನು ಎತ್ತಿ ಹಿಡಿದು ಎದೆಮಟ್ಟದ ನೀರಿಗೆ ಇಳಿದರಂತೆ. ಮನೆಗೆ ಬಂದಾಗ ಧೋತರದ ತುಂಬ ಕೆಸರು, ಕ್ಯಾಮೆರಾದ ತುಂಬ ಕೆಸರು. ಲೆನ್ಸಿನ ಮೇಲೆ ಮಾತ್ರ ಒಂದು ಹನಿ ನೀರಿಲ್ಲ!

ಆ ಕ್ಯಾಮೆರಾ ಮತ್ತೆ ಏಳಲಿಲ್ಲ. ಆಮೇಲೆ ಸೊಲ್ಲಾಪುರದಲ್ಲಿ ಅಂಗಡಿ ಮುಚ್ಚಿದ ಗೆಳೆಯನೊಬ್ಬ ತನ್ನ ಜಪಾನಿ ಕ್ಯಾಮೆರಾ ಕೊಟ್ಟ, ಲೆನ್ಸು ಇಲ್ಲದ್ದು. ಅದರ ಬಾಯಿಯೇ ಬೇರೆ. ಬಲ್ಬನ್ನು ಹೋಲ್ಡರಿಗೆ ಹಾಕಿದ ಹಾಗೆ ಒತ್ತಿ ಸ್ವಲ್ಪ ತಿರುಗಿಸಬೇಕು. ಸುತ್ತುವ ಲೆನ್ಸಿಗೂ ಒತ್ತುವ ಬಾಯಿಗೂ ಸಂಬಂಧ ಕೂಡಬೇಕಾದರೆ ನಡುವೆ ಒಂದು ಬಳೆ ಬೇಕು. ಅದಕ್ಕೆ ಅಡಾಪ್ಟರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಬಳೆಯೇ.

"ಆ ಹಳೇದು ಮಾರಿ ಇದಕ್ಕ ಸರಿಹೊಂದೂ ಲೆನ್ಸ ತಗೋಬಾರ್ದೇನ್ರಿ?" ಎಂದು ಕಾಕು ಕೇಳಿದಳು. ಕಾಕಾ ಒಪ್ಪಲಿಲ್ಲ. ಅದಕ್ಕೆ ಕಾರಣ ತಿಕೋಟಾದಲ್ಲಿ ಕೂತಿತ್ತು.

ಆಯಿಗೆ ಆಗ ಎಂಬತ್ತರ ಹತ್ತಿರ. ಊರಿನ ಅರ್ಧ ಜನರ ಫೋಟೋ ತೆಗೆದವನ ತಾಯಿ, ಆದರೆ ಅವಳದೊಂದೂ ಫೋಟೋ ಇರಲಿಲ್ಲ. 'ಫೋಟೋ ತಗಿಸ್ಕೊಂಡ್ರ ಆಯುಷ್ಯ ಕಮ್ಮಿ ಆಗತೈತಿ' ಎಂದು ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಮುತ್ಯಾ, ಅಂದರೆ ಅಪ್ಪನ ತಂದೆಯೂ ಹಾಗೆಯೇ. ನಮ್ಮಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಒಂದು ಫೋಟೋ ತೆಗೆಸುವ ರೂಢಿ. ಮುತ್ಯಾನ ಒಂದೇ ಒಂದು ಫೋಟೋ ಅಂದರೆ ಅದು. ತೆಗೆದದ್ದು ಕಾಕಾ, ಈ ರಷ್ಯದ ಲೆನ್ಸಿನಿಂದ. ತಾಯಿಯನ್ನೂ ಹಾಗೆಯೇ, ಕಣ್ಣು ಮುಚ್ಚಿದ ಮೇಲೆಯೇ ತೆಗೆಯಬೇಕಾದೀತು ಎನ್ನುವ ಭಯ ಅಂದಿನಿಂದ ಕಾಕಾನನ್ನು ತಿನ್ನುತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ ಆಯಿ ಒಂದು ತಿಂಗಳು ಹಾಸಿಗೆ ಹಿಡಿದು ಎದ್ದಳು. ಎದ್ದವಳೇ ನನ್ನ ಕೈಲಿ ಹೇಳಿ ಕಳಿಸಿದಳು: "ಫೋಟೋ ತಗಸ್ಕೋತೀನಿ ಅಂತ ಹೇಳು ನಿಮ್ಮ ಕಾಕಾಗ. ಆದ್ರ ನಿಮ್ಮ ಮುತ್ಯಾನ್ನ ಕಡೀಕ ನೋಡಿತ್ತಲ್ಲ, ಆ ಕಣ್ಣೇ ನನ್ನೂ ನೋಡಬೇಕು. ಬ್ಯಾರೆ ಕಣ್ಣಿಗಿ ನಾ ಕುಂಡ್ರಾಕಿ ಅಲ್ಲ."

ಈಗ ಹೇಳಿ, ಆ ಲೆನ್ಸು ಮಾರುವುದು ಸಾಧ್ಯವೇ?

ಮೊದಲ ಬಳೆ ಸೊಲ್ಲಾಪುರದಿಂದ ಬಂತು. ಥಳಥಳ ಹೊಳೆಯುವ ಬಳೆ, ಒಳಗೆ ಕಾಸಿನಗಲದ ಒಂದು ಗಾಜು. ಆ ಗಾಜು ಇರದಿದ್ದರೆ ದೂರದ್ದು ಸ್ಪಷ್ಟ ಕಾಣುವುದಿಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ಕಾಕಾ ಗೋಳಗುಮ್ಮಟದ ಎದುರು ನಿಂತು ನೋಡಿದರು. ಗುಮ್ಮಟ ಬಂತು, ಅದರ ಮೇಲಿನ ಪಾರಿವಾಳವೂ ಬಂತು. ಮುಗಿಯಿತಲ್ಲ ಅಂತ ನಾವು ನಿಟ್ಟುಸಿರು ಬಿಡುವುದರೊಳಗೆ ಕಾಕಾನ ಹುಬ್ಬು ಗಂಟಾಯಿತು. ನಡುವೆ ಇನ್ನೊಂದು ಗಾಜು ಬಂದ ಮೇಲೆ ಇದು ಅದೇ ಕಣ್ಣು ಹೌದೋ ಅಲ್ಲವೋ? ಇಂಥ ಸಂಶಯ ಜಗತ್ತಿನಲ್ಲಿ ಇನ್ನಾವ ಫೋಟೋಗ್ರಾಫರನಿಗೆ ಬಂದೀತು! ನನ್ನನ್ನೂ ಕರೆದುಕೊಂಡು ತಿಕೋಟಾದ ಬಸ್ಸು ಹತ್ತಿದರು. ಆದರೆ ಮನೆ ಮುಟ್ಟಿದ ಮೇಲೆ ತಾವು ಕಟ್ಟೆಯ ಮೇಲೆಯೇ ಕೂತು, ನನ್ನನ್ನು ಒಳಗೆ ಕಳಿಸಿ ಕೇಳಿಸಿದರು.

ಆಯಿ ಜೋಳ ಹಸನು ಮಾಡುವುದನ್ನು ನಿಲ್ಲಿಸಿ ಯೋಚಿಸಿದಳು. "ಅಂದ್ರ ಆ ಕಣ್ಣಿಗಿ ಚಾಳೀಸ ಹಾಕ್ಸ್ಯಾನ ಅನ್ನು. ನಿಮ್ಮ ಮುತ್ಯಾನ್ನ ನೋಡುವಾಗ ಚಾಳೀಸ ಇತ್ತೇನು? ಇಲ್ಲಂದ್ರ ನನಗೂ ಬ್ಯಾಡ."

ಕನ್ನಡಕ ಬೇಡವೆಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಂತಾಯಿತು. ಗಾಜಿನ ಬಳೆ ಟ್ರಂಕಿನ ತಳ ಸೇರಿತು.

ಎರಡನೆಯ ಬಳೆಗಾಗಿ ಕಾಕಾ ಬಬಲೇಶ್ವರಕ್ಕೆ ಹೋದರು. ಅಲ್ಲಿ ಅವರಿಗೆ ಪರಿಚಯದ ಉಸ್ತಾದರೊಬ್ಬರು ಲೇಥ್ ಮಷೀನು ಇಟ್ಟಿದ್ದರು. ಸುತ್ತಲಿನ ಊರಿನ ನೀರೆತ್ತುವ ಪಂಪು, ಕಬ್ಬಿನ ಗಾಣ ಎಲ್ಲ ಅವರ ಕೈಯಿಂದಲೇ ಉಸಿರಾಡುತ್ತಿದ್ದವು. ಕಾಕಾ ಕ್ಯಾಮೆರಾ, ಲೆನ್ಸು ಎರಡನ್ನೂ ಮುಂದಿಟ್ಟು, ಗಾಜಿಲ್ಲದ ಬಳೆ ಬೇಕು, ಎಷ್ಟು ತೆಳ್ಳಗಾದರೆ ಅಷ್ಟು ಒಳ್ಳೆಯದು ಎಂದು ವಿವರಿಸಿದರು. ಉಸ್ತಾದರು ಎರಡು ವಾರ ತೆಗೆದುಕೊಂಡು ಮಾಡಿಕೊಟ್ಟ ಬಳೆಯನ್ನು ಎತ್ತಿದರೆ ಕೈ ಜಗ್ಗುತ್ತಿತ್ತು!

"ತೆಳ್ಳಗ ಅಂದಿದ್ನಲ್ರಿ ಉಸ್ತಾದ," ಎಂದರು ಕಾಕಾ.

"ತೆಳ್ಳಗ ಮಾಡಿದ್ರ ಮುರೀತೈತ್ರಿ. ನಾ ಮಾಡಿದ್ದು ಮುರೀತು ಅಂದ್ರ ಈ ಊರಾಗ ಹೆಂಗ ತಿರಗ್ಲಿ? ಈಗ ನೋಡ್ರಿ, ಕ್ಯಾಮರಾ ಹೋದ್ರೂ ಬಳಿ ಉಳೀತೈತಿ."

ಅವರ ಮಾತು ಸುಳ್ಳಲ್ಲ. ಆದರೆ ಆ ದಪ್ಪ ಬಳೆಯಿಂದಾಗಿ ಲೆನ್ಸು ಇರಬೇಕಾದ ಜಾಗಕ್ಕಿಂತ ಮುಂದೆ ಸರಿದು ಕೂತಿತು. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿದರೆ ದೂರದ್ದೆಲ್ಲ ಮಂಜು. ಎರಡು ಮೊಳದ ಒಳಗೆ ಬಂದದ್ದು ಮಾತ್ರ ಸ್ಪಷ್ಟ. ಹತ್ತಿರ ಕೂತಿದ್ದ ಉಸ್ತಾದರ ಮೀಸೆಯ ಒಂದೊಂದು ಕೂದಲೂ ಎಣಿಸುವಂತೆ ಕಾಣುತ್ತಿತ್ತಂತೆ, ಅವರ ಹಿಂದಿದ್ದ ಲೇಥ್ ಮಷೀನು ಮಾತ್ರ ಮಾಯ.

ಕಾಕಾನ ಹಟ ನಿಮಗೆ ಗೊತ್ತಿಲ್ಲ. ಅದೇ ಬಳೆ ಹಾಕಿಕೊಂಡು ಸಾರವಾಡದ ಒಂದು ಮದುವೆಗೆ ಹೋದರು. ದೂರ ನಿಂತರೆ ಮಂಜು, ಅದಕ್ಕೆ ಹತ್ತಿರ ಹತ್ತಿರ ಸರಿದರು. ವಾರದ ಮೇಲೆ ಮದುಮಗನ ತಂದೆ ಸ್ಟುಡಿಯೋಕ್ಕೆ ಬಂದು ಫೋಟೋಗಳನ್ನು ಟೇಬಲ್ಲಿನ ಮೇಲೆ ಹರವಿದರು. ಒಂದರಲ್ಲಿ ಮೂಗುತಿ, ಒಂದರಲ್ಲಿ ಬಾಸಿಂಗ, ಒಂದರಲ್ಲಿ ಯಾರದೋ ಕಿವಿ.

"ಬಾಸಿಂಗ ಭಾಳ ಚಂದ ಬಂದೈತ್ರಿ. ಇದರ ಕೆಳಗ ನಮ್ಮ ಹುಡುಗ ಅದಾನ ಅಂತ ನಾಕು ಮಂದಿಗೆ ಹೆಂಗ ಹೇಳ್ಲಿ?" ಎಂದು ಸಮಾಧಾನದಿಂದಲೇ ಕೇಳಿದರು. ಆ ಸಮಾಧಾನಕ್ಕೆ ಕಾಕಾ ಇನ್ನಷ್ಟು ಕುಗ್ಗಿದರು.

ಅವರು ಹೋದ ಮೇಲೆ ಕಾಕು ಟ್ರಂಕಿನಿಂದ ಗಾಜಿನ ಬಳೆ ತಂದು ಟೇಬಲ್ಲಿನ ಮೇಲಿಟ್ಟಳು. "ಮಂದಿಗಿ ಇದು. ಅತ್ತಿಯವರಿಗಿ ಅದು. ಇದರಾಗ ಆರಸೂದು ಏನೈತಿ?"

ಹೌದಲ್ಲ! ಇಷ್ಟು ಸರಳ ಮಾತು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಆದರೆ ಕಾಕಾ ಆಗಲೂ ತಿಕೋಟಾಕ್ಕೆ ಹೊರಡಲಿಲ್ಲ. ಬಳೆಯ ಒಳಗೆ ಹೊಳಪು ಜಾಸ್ತಿ, ಕಪ್ಪು ಬಣ್ಣ ಹಚ್ಚಬೇಕು ಅಂದರು. ಹಚ್ಚಿದರು. ಬಿಸಿಲು ಸರಿಯಿಲ್ಲ ಅಂದರು. ಅಮಾವಾಸ್ಯೆ ಅಂದರು. ಅಮಾವಾಸ್ಯೆ ಕಳೆದ ಮೇಲೆ ನೆಗಡಿ ಅಂದರು.

ಕಾಕು ಒಂದು ದಿನ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಅವರ ಎದುರು ಕೂತಳು. "ಬಳಿ ನೆವ ಸಾಕ್ರಿ. ಮಾವ ಹೋದಾಗಿಂದ ನೀವು ಅತ್ತಿ ಮುಂದ ಕುಂತು ಮಾತಾಡಿಲ್ಲ. ಹೊಸ್ತಿಲಾ ದಾಟೂದಿಲ್ಲ, ಕಟ್ಟಿ ಮ್ಯಾಲಿಂದನ ತಿರಗಿ ಬರ್ತೀರಿ. ಎರಡ ಮೊಳ ಅಂದ್ರ ಸನೇ ಹೋಗಬೇಕಾಗತೈತಿ, ಅದಕ್ಕ ಅಂಜಾಕತ್ತೀರಿ."

ಕಾಕಾ ಕೈಯಲ್ಲಿದ್ದ ಬಳೆಯನ್ನು ಕೆಳಗಿಟ್ಟರು. ಆಮೇಲೆ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಅವತ್ತ ಎಲ್ಲಾರೂ ಅತ್ರು. ನಾ ಫೋಟೋ ತಗದೆ. ಅಪ್ಪಗ ಒಂದ ಹನಿ ಕಣ್ಣೀರ ಹಾಕ್ಲಿಲ್ಲ ಅಂತ ಅವ್ವ ಅನ್ಕೊಂಡಿರ್ತಾಳ. ಯಾವ ಮಾರಿಲಿ ಸನೇ ಹೋಗ್ಲಿ?"

ಮರುದಿನ ಬೆಳಿಗ್ಗೆ ಕಾಕು ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿಯೇ ಮನೆಗೆ ಹೋದಳು.

ಆಯಿ ಪಡಸಾಲೆಯ ಬಾಗಿಲ ಬೆಳಕಿನಲ್ಲಿ ಇಳಕಲ್ ಸೀರೆ ಉಟ್ಟು ಕೂತಳು. ಅವಳ ಕಣ್ಣಿಗೆ ಪೊರೆ ಬಂದು, ತೀರ ಹತ್ತಿರ ಬಂದದ್ದು ಮಾತ್ರ ಕಾಣುತ್ತಿತ್ತು, ದೂರ ನಿಂತವರನ್ನು ದನಿಯಿಂದಲೇ ಗುರುತಿಸುತ್ತಿದ್ದಳು. ಕಾಕಾ ಹೊಸ್ತಿಲು ದಾಟಿ ಬಂದು ಹತ್ತು ಮೊಳ ದೂರದಲ್ಲಿ ನಿಂತರು. ಕ್ಯಾಮೆರಾ ಎತ್ತಿದರು. ಮಂಜು ಕಂಡಿರಬೇಕು, ಒಂದು ಹೆಜ್ಜೆ ಇಟ್ಟರು. ಮತ್ತೊಂದು. ಕೊನೆಗೆ ಅವಳ ಮುಂದೆ ಮಂಡಿಯೂರಿದರು. ಕ್ಯಾಮೆರಾದ ಹಿಂದೆ ಅವರ ಮುಖ ಅರ್ಧ ಮುಚ್ಚಿತ್ತು. ಬೆರಳು ಗುಂಡಿಯ ಮೇಲಿತ್ತು, ಒತ್ತುತ್ತಿರಲಿಲ್ಲ.

ಆಯಿ ಮುಂದೆ ಬಾಗಿ, ಕೈ ಚಾಚಿ, ಕ್ಯಾಮೆರಾವನ್ನು ಮೆಲ್ಲಗೆ ಕೆಳಗೆ ಒತ್ತಿದಳು. "ಇದನ್ನ ತಗೀ. ಅವತ್ತೂ ಇದ ಅಡ್ಡ ಇತ್ತು. ಎಲ್ಲಾರ ಮಾರಿ ನೋಡಿದೆ, ನಿನ್ನ ಮಾರಿ ಒಂದ ಕಾಣ್ಲಿಲ್ಲ ನನಗ."

ಅವಳ ಒರಟು ಬೆರಳುಗಳು ಕಾಕಾನ ಹಣೆ, ಕೆನ್ನೆ, ಗಡ್ಡದ ಮೇಲೆಲ್ಲ ಹರಿದಾಡಿದವು. "ತಲಿ ಎಲ್ಲಾ ಬೆಳ್ಳಗ ಆಗೈತಿ. ಯಾವಾಗ ಇಷ್ಟ ಹಣ್ಣಾದಿ ಮಗನ?"

ಮದುವೆಯ ಮನೆಗಳಲ್ಲಿ ನೂರಾರು ಜನರಿಗೆ 'ನಗ್ರಿ, ಸ್ವಲ್ಪ ನಗ್ರಿ' ಎಂದು ಹೇಳಿದ ನಮ್ಮ ಕಾಕಾ ಅವಳ ತೊಡೆಯ ಮೇಲೆ ತಲೆ ಇಟ್ಟು ಗೊಳೋ ಎಂದು ಅತ್ತರು. ನನಗೂ ತಡೆಯಲಾಗಲಿಲ್ಲ. ಹೊಲದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತ. ಆಮೇಲೆ ಕಾಕಾ ಬಿಕ್ಕುತ್ತಲೇ ತಲೆ ಎತ್ತಿ, ಬೆಳಕು ಸರಿಯುತ್ತದೆ ಎಂದು ಕ್ಯಾಮೆರಾಕ್ಕೆ ಕೈ ಚಾಚಿದರು. ಆಯಿ ಅವರ ತಲೆಯನ್ನು ಮತ್ತೆ ತೊಡೆಗೆ ಒತ್ತಿಕೊಂಡಳು.

"ಮೊದಲ ಅಳೂದು ಮುಗಸು. ನಾ ಇಲ್ಲೇ ಕುಂತೇನಿ, ಎಲ್ಲೂ ಹೋಗೂದಿಲ್ಲ."