ಕಾಕಾ ಕಟ್ಟಿದ ಸ್ಥಳಪುರಾಣ

ನಮ್ಮ ಕಾಕಾನ ಜೊತೆ ಪಾರ್ಕಿಗೆ ಹೋಗುವವರು ಹೊಟ್ಟೆ ತುಂಬ ಉಂಡು, ಮನೆಯವರಿಗೆಲ್ಲ ಹೇಳಿ ಹೊರಡುವುದು ಕ್ಷೇಮ. ಪಾರ್ಕು ದೊಡ್ಡದೇನಲ್ಲ. ರಾಟರ್‌ಡ್ಯಾಮಿನ ಹಳೆಯ ಓಣಿಯೊಂದರ ನಡುವೆ ಒಂದು ಹೊಂಡ, ಕೆಲವು ಬೆಂಚು, ಒಂದಿಷ್ಟು ಬಾತುಕೋಳಿ, ಅಷ್ಟೇ. ಬಾಯಲ್ಲಿಟ್ಟ ಎಲೆಯಡಿಕೆ ಮುಗಿಯುವುದರೊಳಗೆ ಒಂದು ಸುತ್ತು ಹಾಕಬಹುದು. ಆದರೆ ಕಾಕಾ ಸುಮ್ಮನೆ ನಡೆಯಬೇಕಲ್ಲ? ಗೇಟಿನ ಹತ್ತಿರವೇ ನಿಂತು, ಕೈ ಹಿಂದೆ ಕಟ್ಟಿ, "ಇದು ಸಾದಾ ಜಾಗಾ ಅಲ್ಲ" ಎಂದು ಶುರು ಮಾಡಿದರೆಂದರೆ ಮುಗಿಯಿತು. ಇಲ್ಲಿ ಪಿಎಚ್‌ಡಿ ಮಾಡುತ್ತಿರುವ ದಾವಣಗೆರೆಯವನೊಬ್ಬ ಯುಗಾದಿ ಊಟಕ್ಕೆಂದು ಬಂದು ಇವರ ಕೈಗೆ ಸಿಕ್ಕಿಬಿದ್ದ. ಮರುದಿನ ನನಗೆ ಫೋನ್ ಮಾಡಿ, "ನಿಮ್ಮ ಕಾಕಾ ಹಿಸ್ಟರಿ ಪ್ರೊಫೆಸರಾ?" ಎಂದು ಕೇಳಿದ. ಅಲ್ಲಪ್ಪ, ಬಂದರಿನಲ್ಲಿ ಕ್ರೇನು ನೋಡಿಕೊಳ್ಳುತ್ತಿದ್ದ ಎಂಜಿನಿಯರು ಎಂದೆ. "ಮತ್ತೆ ಯಾಕೆ ಹಿಂಗೆ?" ಎಂದ. ಒಳ್ಳೆಯ ಪ್ರಶ್ನೆ.

ಯಾಕೆಂದರೆ, ಕಾಕು. ಕಾಕಾನ ಹೆಂಡತಿ, ಧಾರವಾಡದ ಹೆಣ್ಣುಮಗಳು. ಯಾರೇ ಎದುರಾಗಲಿ, ಅವರ ಮೊದಲ ಮಾತು "ಯಾವೂರ್ರೀ?" ಎರಡನೆಯದು "ಯಾರ ಪೈಕಿ?" ಇವೆರಡಕ್ಕೆ ಉತ್ತರ ಕೊಡದವರಿಗೆ ಆ ಮನೆಯಲ್ಲಿ ಚಹಾ ಹುಟ್ಟುತ್ತಿರಲಿಲ್ಲ. ಟಪಾಲು ತರುವ ಡಚ್ಚನನ್ನೂ ಬಿಟ್ಟವರಲ್ಲ. ಆತನ ತಾಯಿಯ ಕಡೆಯವರು ಮೀನುಗಾರರು ಎಂಬುದು ನಮಗೆಲ್ಲ ಗೊತ್ತಿರುವುದು ಹಾಗೆ.

ಕೆಲವು ವರ್ಷಗಳಿಂದ ಕಾಕುವಿಗೆ ಮರೆವಿನ ಕಾಯಿಲೆ. ಮೊದಲು ಹೆಸರುಗಳು ಹೋದವು, ಆಮೇಲೆ ಡಚ್ ಭಾಷೆ ಹೋಯಿತು, ಆಮೇಲೆ ಈ ಊರೇ ಹೋಯಿತು. "ಯಾರ ಪೈಕಿ" ಮಾತ್ರ ಉಳಿಯಿತು. ಗುರುತಿಲ್ಲದ ಜಾಗ ಎನ್ನಿಸಿದರೆ ಹೆದರಿ ಓಡತೊಡಗಿದರು. ಹೀಗೇ ಓಡಿದರೆ ಮನೆಯಲ್ಲಿಟ್ಟುಕೊಳ್ಳುವುದು ಆಗದ ಮಾತು, ನರ್ಸಿಂಗ್ ಹೋಮಿಗೇ ಸೇರಿಸಬೇಕಾಗುತ್ತದೆ ಎಂದರು ಡಾಕ್ಟರು. ಕಾಕಾಗೆ ಅದೊಂದು ಬೇಡವಾಗಿತ್ತು. ಆಕೆ ತನ್ನ ಕಣ್ಣೆದುರಿಗೆ, ತನ್ನ ಮನೆಯಲ್ಲೇ ಇರಬೇಕು.

ಆ ಮಾತು ಕೇಳಿ ಬಂದ ದಿನ ಕಾಕುವನ್ನು ಪಾರ್ಕಿಗೆ ಕರೆದುಕೊಂಡು ಹೋದರು. ಕಾಕು ಬೆಂಚಿನ ಮೇಲೆ ಕೂರಲೊಲ್ಲರು.

"ಇದು ಯಾರ ಪೈಕಿ ಜಾಗಾರೀ?"

"ಖೆಮೇಂತೆದು," ಎಂದರು ಕಾಕಾ. ಇಲ್ಲಿ ಮುನಸಿಪಾಲ್ಟಿಗೆ ಹಾಗೆನ್ನುತ್ತಾರೆ.

"ಆ ಖೆಮೇಂತೆಪ್ಪ ಯಾರ ಪೈಕಿ?"

ಮುನಸಿಪಾಲ್ಟಿಗೆ ಕುಲಗೋತ್ರ ಎಲ್ಲಿಂದ ತರುವುದು? ಕಾಕು ಎದ್ದು ನಡೆದೇಬಿಟ್ಟರು. ಕಾಕಾ ಹಿಂದೆ ಓಡಿದರು.

ಅಂದಿನಿಂದ ಕಾಕಾ ಓಣಿಯ ಹಳಬರ ಬೆನ್ನು ಹತ್ತಿದರು. ಬೇಕರಿಯ ಮುದುಕಿ, ಚರ್ಚಿನ ಗಂಟೆ ಬಾರಿಸುವವರು, ನಾಯಿ ತಿರುಗಾಡಿಸುವವರು, ಯಾರನ್ನೂ ಬಿಡಲಿಲ್ಲ. ಕೇಳಿದ್ದನ್ನೆಲ್ಲ ಕೂಡಿಸಿ, ನಮ್ಮ ಕಡೆ ಪ್ರತಿ ಗುಡಿಗೂ ಇರುತ್ತದಲ್ಲ, ಅಂಥದೊಂದು ಸ್ಥಳಪುರಾಣ ಕಟ್ಟಿದರು.

ಅದು ಹೀಗೆ. ರೈನ್ ನದಿಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದ ಜರ್ಮನ್ ಸಂಸಾರಗಳು ಈ ಓಣಿಯಲ್ಲಿ ಬಂದು ನೆಲೆಸಿದವು. ಆಗ ಇದು ಬರೀ ಕೆಸರು. ಅವರು ಮಣ್ಣು ಹಾಕಿ, ತಮ್ಮೂರಿನ ಲಿಂಡನ್ ಗಿಡ ನೆಟ್ಟು, ಭಾನುವಾರ ಅದರ ಕೆಳಗೆ ಹಾಡು ಹೇಳುತ್ತಿದ್ದರು. ಡಚ್ಚರು ಬಂದು ಕೇಳುತ್ತಿದ್ದರು. ಆಮೇಲೆ ಯುದ್ಧ ಬಂತು. ಜರ್ಮನ್ ವಿಮಾನಗಳು ಊರಿನ ಮೇಲೆ ಬಾಂಬು ಸುರಿದವು. ಓಣಿಯಲ್ಲಿ ಜರ್ಮನ್ನರ ಜೊತೆ ಮಾತು ನಿಂತಿತು. ಯುದ್ಧದ ಕೊನೆಗೆ ಬಂದ ಹಸಿವಿನ ಚಳಿಗಾಲದಲ್ಲಿ ಉರುವಲಿಲ್ಲದೆ ಜನ ಪಾರ್ಕಿನ ಮರಗಳನ್ನೆಲ್ಲ ಕಡಿದು ಒಯ್ದರು. ಉಳಿದದ್ದು ಒಂದೇ ಲಿಂಡನ್. ಎದುರು ಮನೆಯಲ್ಲಿ ಡಚ್ ಬಾಣಂತಿಯೊಬ್ಬಳು ಚಳಿಗೆ ನಡುಗುತ್ತಿದ್ದಳು. ಆ ಮರ ನೆಟ್ಟವನ ಹೆಂಡತಿ, ಜರ್ಮನ್ ಮುದುಕಿ, ತಾನೇ ನಿಂತು ಮರ ಕಡಿಸಿ ಬಾಣಂತಿಯ ಮನೆಗೆ ಹೊರೆ ಕಳಿಸಿದಳು. ಯುದ್ಧ ಮುಗಿದ ಮೇಲೆ ಓಣಿಯವರೆಲ್ಲ ಕೂಡಿ ಮತ್ತೆ ಗಿಡ ನೆಟ್ಟರು.

ಈ ಬಾಣಂತಿಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. "ಕಾಕಾ, ಖರೇ ಹೇಳ್ರಿ, ಬಾಣಂತಿನ್ನ ನೀವೇ ಸೇರಿಸಿದ್ರಲ್ಲ?" ಎಂದು ಕೇಳಿದೆ.

"ಬಾಣಂತಿ ಇಲ್ಲದ ಓಣಿ ಇರ್ತದೇನು?" ಎಂದು ನನ್ನ ಬಾಯಿ ಮುಚ್ಚಿಸಿದರು.

ನಾಯಿ ಹಿಡಿದ ಡಚ್ ಮುದುಕನೊಬ್ಬ ಒಮ್ಮೆ ನಿಂತು, ಅಷ್ಟು ಹಳೆಯ ಮರ ಇಲ್ಲಿ ಯಾವುದೂ ಇಲ್ಲ, ಇವೆಲ್ಲ ತಾನು ಶಾಲೆಗೆ ಹೋಗುವಾಗ ನೆಟ್ಟವು ಎಂದ. ಕಾಕಾ ಅವನಿಗೂ ಬೆಂಚು ತೋರಿಸಿ, ಮರಕ್ಕೂ ವಂಶ ಇರುತ್ತದೆ, ಇವೆಲ್ಲ ಆ ಲಿಂಡನ್ನಿನ ಪೈಕಿ ಎಂದು ಡಚ್ಚಿನಲ್ಲೇ ತಿಳಿಸಿ ಹೇಳಿದರು. ನಾಯಿ ಎಳೆದು ಎಳೆದು ಸೋತು ಮಲಗಿತು.

ನಗಬಹುದು. ಆದರೆ ಪುರಾಣ ಕೇಳಿದ ದಿನ ಕಾಕು ಓಡುತ್ತಿರಲಿಲ್ಲ. "ಬಾಣಂತಿಗೆ ಬೆಂಕಿ ಬೇಕಲ್ರೀ, ಪಾಪ" ಎಂದು ಸಮಾಧಾನದಿಂದ ಕೂರುತ್ತಿದ್ದರು. ಮರುದಿನ ಮತ್ತೆ ಎಲ್ಲ ಹೊಸದು, ಮತ್ತೆ ಗೇಟಿನಿಂದ ಶುರು. ಹೇಳಿದ್ದನ್ನೇ ಹೇಳುವಾಗ ದನಿಯಲ್ಲಿ ಬೇಸರ ಕಂಡರೆ ಆಕೆಗೆ ಗೊತ್ತಾಗುತ್ತಿತ್ತು. ಅದಕ್ಕೇ ಕಾಕಾ ಬಂದವರ ಮೇಲೆಲ್ಲ ತಾಲೀಮು ನಡೆಸುತ್ತಿದ್ದರು. ದಾವಣಗೆರೆಯವನಿಗೆ ಇದನ್ನು ಹೇಳಿದಾಗ ಅವನು ಮತ್ತೊಮ್ಮೆ ಬಂದು ಪೂರ್ತಿ ಕೇಳಿ ಹೋದ.

ಕಳೆದ ಚಳಿಗಾಲದ ಆರಂಭದಲ್ಲಿ, ಕಾಕಾ ಸ್ನಾನಕ್ಕೆ ಹೋಗಿದ್ದಾಗ ಕಾಕು ಹೊರಬಿದ್ದು ಟ್ರಾಮು ಹತ್ತಿದರು. ಪೊಲೀಸರಿಗೆ ಸಿಕ್ಕಿದ್ದು ಕೊನೆಯ ಸ್ಟಾಪಿನಲ್ಲಿ. ಮೈಮೇಲೆ ಕೋಟಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಆಮೇಲೆ ಯಾವ ಪುರಾಣವೂ ನಡೆಯಲಿಲ್ಲ. ನೈಮೆಗನ್ ಊರಿನಲ್ಲಿರುವ ಅವರ ಮಗಳು ಬಂದು ಅತ್ತು, ಜಗಳವಾಡಿ, ಒಪ್ಪಿಸಿದಳು. ನರ್ಸಿಂಗ್ ಹೋಮಿನಲ್ಲಿ ಜಾಗ ಸಿಕ್ಕಿತು. ಸೋಮವಾರ ಕರೆದುಕೊಂಡು ಬನ್ನಿ ಎಂದರು.

ಅದರ ಹಿಂದಿನ ಭಾನುವಾರ ಮಧ್ಯಾಹ್ನ ನಾನು ಹೋದಾಗ ಇಬ್ಬರೂ ಪಾರ್ಕಿನ ಬೆಂಚಿನ ಮೇಲಿದ್ದರು. ಕಾಕಾ ತಲೆ ತಗ್ಗಿಸಿ ಕೂತಿದ್ದರು. ಒಂದು ಮಾತಿಲ್ಲ. ಅವರು ಸುಮ್ಮನಿರುವುದನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು. ಇನ್ನೇನು ಕಾಕು ಏಳುತ್ತಾರೆ, ಓಡುತ್ತಾರೆ ಎಂದು ಹತ್ತಿರ ಹೋಗಿ ನಿಂತೆ.

ಕಾಕು ಏಳಲಿಲ್ಲ. ಪಕ್ಕಕ್ಕೆ ತಿರುಗಿ ಕಾಕಾನನ್ನು ನೋಡಿದರು.

"ಯಾವೂರ್ರೀ ನಿಮ್ದು?"

ಕಾಕಾ ತಲೆಯೆತ್ತಿದರು.

"ಹೊಸಬರು ಕಾಣಸ್ತೀರಿ. ಅಂಜಬ್ಯಾಡ್ರಿ. ಇದು ಸಾದಾ ಜಾಗಾ ಅಲ್ಲ," ಎಂದು ಕಾಕು ಹೇಳತೊಡಗಿದರು. ದೋಣಿಯವರು ಬಂದರು, ಕೆಸರು ತುಂಬಿದರು, ಗಿಡ ನೆಟ್ಟರು. ಲಿಂಡನ್ ಹೋಗಿ ಬೇವಾಗಿತ್ತು, ರೈನ್ ನದಿ ಬರೀ ಹೊಳೆಯಾಗಿತ್ತು. ಆದರೆ ಒಂದು ಘಟನೆಯೂ ಬಿಟ್ಟುಹೋಗಿರಲಿಲ್ಲ, ಎಲ್ಲ ಸಾಲಾಗಿ ಬಂತು. ಬಾಣಂತಿಯ ಹತ್ತಿರ ಬಂದಾಗ ದನಿ ತಗ್ಗಿಸಿ, "ಆ ಬಾಣಂತಿ ಅಂದ್ರ ನಾನ ರೀ. ಆ ಮುದುಕಿ ನನ್ನ ಸಲುವಾಗಿ ಗಿಡಾ ಕಡಿಸಿದ್ಲು," ಎಂದರು.

ಕಾಕಾ ಅಳುತ್ತಿದ್ದರು. ನಾನೂ.

ಕಾಕು ತಮ್ಮ ಶಾಲು ತೆಗೆದು ಅವರ ಹೆಗಲಿಗೆ ಹೊದಿಸಿದರು. "ಬಿಸಲು ಇಳೀತು, ಥಂಡಿ ಆಗ್ತದ. ಒಬ್ಬರ ಕುಂಡ್ರಬ್ಯಾಡ್ರಿ. ನಮ್ಮ ಮನಿಗೆ ನಡೀರಿ. ನಮ್ಮ ಮನಿಯವರು ಭಾಳ ಮಾತಾಡ್ತಾರ, ನಿಮಗ ಹೊತ್ತು ಹೋಗಿದ್ದ ತಿಳಿಯಂಗಿಲ್ಲ."

ಕಾಕಾ ಕಣ್ಣೊರೆಸಿಕೊಂಡು ಎದ್ದರು. "ಆಗಲ್ರೀ, ಬರ್ತೀನಿ," ಎಂದರು. ಪರರ ಮನೆಗೆ ಹೊರಟವರ ಹಾಗೆ, ಆಕೆಗಿಂತ ಒಂದು ಹೆಜ್ಜೆ ಹಿಂದೆ ನಡೆದರು.