ನಮ್ಮ ಮನೆಯ ಗೋಧಿ ಮೈಲಿಗೆ

ಬೇರೆಯವರ ಮನೆಯಲ್ಲಿ ಊಟ ಮುಗಿದ ಮೇಲೆ ಪಾತ್ರೆಗಳು ಉಳಿಯುತ್ತವೆ. ನಮ್ಮ ಮನೆಯಲ್ಲಿ ಪಾತ್ರೆಗಳ ಜೊತೆಗೆ ಒಂದು ಕಥೆಯೂ ಉಳಿಯುತ್ತದೆ. ಬೇಡ ಬೇಡ ಅಂದರೂ ಏನಾದರೊಂದು ನಡೆದೇ ತೀರುತ್ತದೆ. ಇದಕ್ಕೆಲ್ಲ ಮೂಲ ನನ್ನ ಮಗಳ ಪುಟ್ಟ ಹೊಟ್ಟೆ.

ಕೋವಿಡ್ ಕಾಲದಲ್ಲಿ ನಾವು ಅಮೆರಿಕದ ವರ್ಜೀನಿಯಾದಲ್ಲಿ, ಸ್ಟರ್ಲಿಂಗ್‌ನ ಮನೆಯೊಳಗೇ ಕೂತಿದ್ದಾಗ, ಎರಡನೇ ಕ್ಲಾಸಿನಲ್ಲಿದ್ದ ಅವಳು ದಿನಾ ಹೊಟ್ಟೆನೋವು ಅನ್ನುತ್ತಿದ್ದಳು. ಆನ್‌ಲೈನ್ ಕ್ಲಾಸ್ ತಪ್ಪಿಸಿಕೊಳ್ಳುವ ನೆಪ ಅಂದುಕೊಂಡೆವು. ಆಮೇಲೆ ನೋಡಿದರೆ ಹಿಂದಿನ ವರ್ಷದ ಫ್ರಾಕು ಈ ವರ್ಷವೂ ಅಳತೆಗೆ ಸರಿಯಾಗಿ ಕೂರುತ್ತಿದೆ. ಮಗು ಬೆಳೆಯುತ್ತಲೇ ಇರಲಿಲ್ಲ. ಟೆಸ್ಟುಗಳೆಲ್ಲ ಆದ ಮೇಲೆ ಡಾಕ್ಟರು ಸೀಲಿಯಾಕ್ ಅಂದರು. ಗೋಧಿ, ಬಾರ್ಲಿಯಲ್ಲಿರುವ ಗ್ಲೂಟನ್ ಅವಳ ಕರುಳನ್ನು ಕೆಡಿಸುತ್ತದಂತೆ, ಚಪಾತಿಯ ಒಂದು ಚೂರು ತಟ್ಟೆಗೆ ಬಿದ್ದರೂ ಸಾಕಂತೆ. ಮಾತ್ರೆ ಇಲ್ಲ, ಬರೀ ಪಥ್ಯ, ಅದೂ ಜೀವನಪೂರ್ತಿ. ಕರುಳು ವಾಸಿಯಾದರೆ ತಾನಾಗಿ ಬೆಳೆಯುತ್ತಾಳೆ ಅಂದರು. ನಮಗೆ ಬೇಕಾಗಿದ್ದದ್ದು ಅದೊಂದೇ.

ನನ್ನ ಗಂಡ ಧಾರವಾಡದವರು, ಚಪಾತಿ ಇಲ್ಲದಿದ್ದರೆ ಊಟ ಆಯಿತು ಅಂತ ಒಪ್ಪುವವರಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಮುಖ ಇಳಿಬಿಟ್ಟುಕೊಂಡು ಕೂತಿದ್ದರು. ನಾನು ಮೈಸೂರಿನವಳು. "ಅದಕ್ಕೇನ್ರೀ, ನಾವು ಅನ್ನ ಸಾರಿನ ಜನ, ನಾನು ನೋಡ್ಕೋತೀನಿ ಬಿಡಿ" ಅಂತ ಜಂಬದಿಂದಲೇ ಹೇಳಿದೆ.

ಗ್ಯಾರೇಜಿನ ಫ್ರಿಜ್ಜು

ಅನ್ನ, ಸಾರು, ಹುಳಿ, ಮಜ್ಜಿಗೆ ಅಂತ ತಿಂಗಳುಗಟ್ಟಲೆ ಕೊಟ್ಟರೂ ಹೊಟ್ಟೆನೋವು ಹೋಗಲಿಲ್ಲ. ಎಲಿಕಾಟ್ ಸಿಟಿಯಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಅವಳ ಹೊಟ್ಟೆಗೆ ಯಾವತ್ತೂ ಏನೂ ಆಗಿಲ್ಲ, ಆದರೆ ಹೊಟ್ಟೆಯ ವಿಷಯದಲ್ಲಿ ಅವಳಷ್ಟು ವಿಡಿಯೋ ನೋಡಿದವರು ಇನ್ನೊಬ್ಬರಿಲ್ಲ.

"ಗ್ಲೂಟನ್ ಬಿಟ್ರೆ ಸಾಲ್ದು ಕಣೇ, ಗಟ್ ಹೀಲ್ ಆಗ್ಬೇಕು. ಬೋನ್ ಬ್ರಾತ್ ಸ್ಟಾರ್ಟ್ ಮಾಡು" ಅಂದಳು.

"ಹಾಗಂದ್ರೆ?"

"ಮೂಳೆ ಬೇಯ್ಸಿದ ನೀರು."

ಫೋನು ಸ್ಪೀಕರಿನಲ್ಲಿತ್ತು. ನನ್ನ ಗಂಡನಿಗೂ ಕೇಳಿಸಿತು. ಕೇಕಿನಲ್ಲಿ ಮೊಟ್ಟೆ ಇದೆಯೋ ಅಂತ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಓದುವ ಮನುಷ್ಯ. ಮಾರನೇ ದಿನ ಆಫೀಸ್ ಕೆಲಸ ಮುಗಿಸಿ ಎಲ್ಲಿಗೋ ಹೋಗಿ ಬಂದು, ಕಾಗದದ ಚೀಲವೊಂದನ್ನು ಯಾರಿಗೂ ತೋರಿಸದೆ ಗ್ಯಾರೇಜಿನ ಫ್ರಿಜ್ಜಿನಲ್ಲಿಟ್ಟರು. ಅಡುಗೆಮನೆಗೆ ತರಲು ಮನಸ್ಸು ಒಪ್ಪಲಿಲ್ಲವಂತೆ. ಕ್ಯಾಂಪಿಂಗಿಗೆ ಅಂತ ಇಟ್ಟಿದ್ದ ಸ್ಟವ್ ಮೇಲೆ ಅದರಲ್ಲಿದ್ದುದನ್ನು ಬಿಸಿ ಮಾಡಿ, ಕಪ್ಪಿಗೆ ಹಾಕಿ, ಮಗಳನ್ನು ಕರೆದರು.

"ಅಪ್ಪಾ, ವಾಟ್ ಈಸ್ ದಿಸ್?"

"ಸೂಪ್ ಪುಟ್ಟಾ. ಹೊಟ್ಟಿಗೆ ಛಲೋ."

"ಇದು ವೆಜ್ಜಾ?"

ಸುಳ್ಳು ಹೇಳಲಾರದೆ "ಕೋಳೀದು" ಅಂದರು.

"ನೀನು ಫಸ್ಟ್ ಕುಡಿ."

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಯಾವ ದೇವರಿಗೋ ಏನೋ ಹೇಳಿಕೊಂಡು, ಅರ್ಧ ಕಪ್ಪು ಒಂದೇ ಗುಟುಕಿಗೆ ಇಳಿಸಿಬಿಟ್ಟರು. ಮಗುವಿಗಾಗಿ ಇವರು ಏನು ಬೇಕಾದರೂ ಮಾಡುತ್ತಾರೆ ಅಂತ ಗೊತ್ತಿತ್ತು, ಕಣ್ಣಾರೆ ನೋಡಿದ್ದು ಅವತ್ತೇ. ಮಗಳು ಅಪ್ಪನ ಮುಖವನ್ನೇ ಒಂದು ಗಳಿಗೆ ಪರೀಕ್ಷೆ ಮಾಡಿ, "ನೋ ಥ್ಯಾಂಕ್ಯೂ ಅಪ್ಪಾ" ಅಂತ ಒಳಗೆ ಓಡಿದಳು. ಆ ವಾರ ನಮ್ಮ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದವರು ಇಬ್ಬರು.

ಒಗ್ಗರಣೆ ಡಬ್ಬಿ

ಕೊನೆಗೆ ಡಾಕ್ಟರು ಒಬ್ಬ ಡಯಟಿಶಿಯನ್ ಹತ್ತಿರ ವಿಡಿಯೋ ಅಪಾಯಿಂಟ್‌ಮೆಂಟ್ ಕೊಡಿಸಿದರು. ಆಕೆ ಅಮೆರಿಕದವರು, ತಾಳ್ಮೆಯ ಹೆಂಗಸು. ಬೋನ್ ಬ್ರಾತ್ ವಿಷಯ ಕೇಳಿ, ಅದೆಲ್ಲ ಏನೂ ಬೇಕಾಗಿರಲಿಲ್ಲ ಅಂದರು. ನನ್ನ ಗಂಡ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

"ಮಗು ದಿನಾ ಏನು ತಿನ್ನುತ್ತಾಳೆ?" ಅಂತ ಆಕೆ ಕೇಳಿದರು. ನಾನು ಹೆಮ್ಮೆಯಿಂದ ಅನ್ನ ಸಾರಿನ ಮಹಿಮೆ ಹೇಳಿದೆ. ಸಾರಿಗೆ ಏನೇನು ಹಾಕುತ್ತೀರಿ, ಒಂದೊಂದಾಗಿ ಕ್ಯಾಮೆರಾಕ್ಕೆ ತೋರಿಸಿ ಅಂದರು. ಬೇಳೆ ತೋರಿಸಿದೆ. ಹುಣಸೆಹಣ್ಣು ತೋರಿಸಿದೆ. ಒಗ್ಗರಣೆ ಡಬ್ಬಿ ತೆಗೆದು ಸಾಸಿವೆ, ಜೀರಿಗೆ, ಮೆಣಸಿನಕಾಯಿ ತೋರಿಸಿದೆ.

"ಆ ಪುಟ್ಟ ಹಳದಿ ಡಬ್ಬ?"

"ಅದು ಇಂಗು. ಜೀರ್ಣಕ್ಕೆ ತುಂಬಾ ಒಳ್ಳೆಯದು. ಹೊಟ್ಟೆನೋವು ಅಂದಾಗಲೆಲ್ಲ ಒಂದು ಚಿಟಿಕೆ ಜಾಸ್ತಿನೇ ಹಾಕ್ತೀನಿ."

"ಹಿಂದೆ ಏನು ಬರೆದಿದೆ, ಸ್ವಲ್ಪ ಓದುತ್ತೀರಾ?"

ಓದಿದೆ. ಇಂಗಿನ ಪುಡಿಗೆ ಬೆರೆಸಿದ್ದು ಗೋಧಿಹಿಟ್ಟು. ಮಗಳು ಹೊಟ್ಟೆನೋವು ಅಂದಷ್ಟೂ ನಾನು ಇಂಗು ಹೆಚ್ಚಿಗೆ ಹಾಕುತ್ತಿದ್ದೆ, ನಾನು ಹಾಕಿದಷ್ಟೂ ಅವಳ ಹೊಟ್ಟೆ ನೋಯುತ್ತಿತ್ತು. ಇಂಗು ತಿಂದ ಮಂಗ ಅನ್ನುವುದನ್ನು ಬರೀ ಕೇಳಿದ್ದೆ. ಅವತ್ತು ಸ್ಕ್ರೀನಿನ ಮೂಲೆಯ ಚಿಕ್ಕ ಚೌಕದಲ್ಲಿ ಕಣ್ಣಾರೆ ನೋಡಿದೆ, ಒಂದಲ್ಲ, ಜೋಡಿ.

ಬರೀ ಮೈದಾ

ಇಂಗು ಬಿಟ್ಟ ಮೇಲೆ ಮಗು ಸ್ವಲ್ಪ ಚೇತರಿಸಿಕೊಂಡಳು. ಜನ ಮತ್ತೆ ಸೇರಲು ಶುರು ಮಾಡಿದಾಗ ಜಾನ್ಸ್ ಕ್ರೀಕ್‌ನಲ್ಲಿರುವ ನಾದಿನಿಯ ಮನೆಗೆ ಹೋದೆವು. ಅವರ ಮನೆಯಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಬಂದಿದ್ದ ಆಂಟಿಯೊಬ್ಬರಿಗೆ, ಎಲ್ಲ ಮಕ್ಕಳೂ ಒಟ್ಟಿಗೆ ತಿನ್ನುವಾಗ ನನ್ನ ಮಗಳೊಬ್ಬಳೇ ಮೂಲೆಯಲ್ಲಿ ತನ್ನ ಡಬ್ಬಿ ಬಿಚ್ಚಿಕೊಂಡು ಕೂತಿದ್ದು ನೋಡಿ ಕರುಳು ಚುರುಕ್ ಅಂದಿತು. ತಾವು ತಂದ ಶಂಕರಪೋಳೆ ಹಿಡಿದುಕೊಂಡು ಬಂದೇಬಿಟ್ಟರು.

"ತಗೋ ಕಂದಾ. ಇದ್ರಲ್ಲಿ ಗೋಧಿ ಒಂಚೂರೂ ಇಲ್ಲ, ಬರೀ ಮೈದಾ."

ನಾನು ಮಧ್ಯೆ ಕೈ ಅಡ್ಡ ಹಿಡಿದು, "ಆಂಟಿ, ಮೈದಾ ಎಲ್ಲಿಂದ ಬರುತ್ತೆ?" ಅಂದೆ.

ಆಂಟಿ ನನ್ನನ್ನು ಮರುಕದಿಂದ ನೋಡಿ, "ಇಂಡಿಯನ್ ಸ್ಟೋರಿಂದ ಕಣಮ್ಮಾ. ನಿಮ್ಮ ಕಡೆ ಸಿಗಲ್ವಾ?" ಅಂದರು.

ಅತ್ತೆ ಬಂದರು

ಅಷ್ಟಾದರೂ ರಕ್ತದ ರಿಪೋರ್ಟು ಪೂರ್ತಿ ಸರಿಹೋಗಿರಲಿಲ್ಲ. ಎಲ್ಲೋ ಚೂರುಪಾರು ಗೋಧಿ ಹೋಗುತ್ತಿದೆ, ಅಡುಗೆಮನೆ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಧಾರವಾಡದಿಂದ ನಮ್ಮ ಅತ್ತೆ ಬರುವವರಿದ್ದರು. ಅತ್ತೆಯದು ಕಟ್ಟಾ ಮಡಿ. ಮದುವೆಯಾದ ಹೊಸದರಲ್ಲಿ ಅದನ್ನು ಮುಟ್ಟಬೇಡ, ಇದನ್ನು ಮುಟ್ಟಬೇಡ ಅಂತ ನನ್ನನ್ನು ಗೋಳು ಹೊಯ್ದುಕೊಂಡವರು. ಇವರಿಗೆ ಕ್ರಾಸ್ ಕಂಟ್ಯಾಮಿನೇಶನ್ ಅರ್ಥ ಮಾಡಿಸುವುದು ಹೇಗೆ ಅಂತ ನನಗೆ ಚಿಂತೆ. ಆಫೀಸಿನಲ್ಲಿ ಮಾಡುವ ಹಾಗೆ ಚಿತ್ರ, ಬಾಣದ ಗುರುತು ಎಲ್ಲ ಹಾಕಿ ಸ್ಲೈಡು ತಯಾರಿಸಿದೆ. ಸೌಟು ಬೇರೆ, ತವಾ ಬೇರೆ, ಒರೆಸುವ ಬಟ್ಟೆ ಬೇರೆ, ಗೋಧಿ ಮುಟ್ಟಿದ ಕೈಯಲ್ಲಿ ಏನನ್ನೂ ಮುಟ್ಟಬಾರದು ಅಂತ ವಿವರಿಸಿ ವಿವರಿಸಿ ಗಂಟಲು ಒಣಗಿತು.

ಅತ್ತೆ ಎಲ್ಲ ಕೇಳಿ, "ಇಷ್ಟ ಹೇಳ್ಲಿಕ್ಕೆ ಇಷ್ಟೊತ್ತು ಬೇಕಾತೇನವಾ? ಗೋಧಿ ಮೈಲಿಗಿ, ಕೂಸು ಮಡಿ. ಮುಗೀತಲ್ಲ?" ಅಂದರು.

ಮುಗಿಯಿತು. ನಾನು ಅಷ್ಟು ದಿನ ಒದ್ದಾಡಿದ್ದನ್ನು ಅವರು ಒಂದು ಬೆಳಿಗ್ಗೆಯಲ್ಲಿ ಸರಿಮಾಡಿದರು. ಗೋಧಿಹಿಟ್ಟು, ಲಟ್ಟಣಿಗೆ, ತವಾ ಎಲ್ಲ ಗ್ಯಾರೇಜಿಗೆ ಗಡೀಪಾರು. ಜೊತೆಗೆ ಚಪಾತಿ ಬಿಡಲಾರದ ಅವರ ಮಗನೂ ಗಡೀಪಾರು. ಜನವರಿಯ ಚಳಿಯಲ್ಲಿ ನನ್ನ ಗಂಡ ಜಾಕೆಟ್ ಹಾಕಿಕೊಂಡು, ಕಾರಿನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದರು. ತಿಂದಾದ ಮೇಲೆ ಕೈ ತೊಳೆದು, ಅಂಗಿ ಬದಲಾಯಿಸಿದರಷ್ಟೇ ಮಗಳನ್ನು ಎತ್ತಿಕೊಳ್ಳಲು ಅಪ್ಪಣೆ.

ಒಂದು ಸಂಜೆ ಗ್ಯಾರೇಜಿನ ಬಾಗಿಲು ತೆರೆದಿತ್ತು. ನಾಯಿ ಓಡಾಡಿಸುತ್ತಿದ್ದ ಪಕ್ಕದ ಮನೆಯ ಅಮೆರಿಕನ್ ಯಜಮಾನರು ಇವರನ್ನು ನೋಡಿ ನಿಂತರು. "ಎಲ್ಲ ಸರಿ ಇದೆ ತಾನೇ?" ಅಂತ ಮೆಲ್ಲಗೆ ಕೇಳಿದರು.

"ಮೈ ಮದರ್ ಈಸ್ ವಿಸಿಟಿಂಗ್" ಅಂದರು ನನ್ನ ಗಂಡ.

ಆ ಯಜಮಾನರು ಇವರ ಹೆಗಲ ಮೇಲೆ ಕೈಯಿಟ್ಟು, ನಮ್ಮ ಗ್ಯಾರೇಜಿನಲ್ಲಿ ಹೀಟರ್ ಇದೆ, ಬೇಕಾದಾಗ ಬಾ ಅಂದರು.

ಟೀಚರ್ ಫೋನು

ಮಗಳಿಗೆ ಅಜ್ಜಿಯ ಪಾಠ ಚೆನ್ನಾಗಿಯೇ ಹತ್ತಿತು. ಸ್ವಲ್ಪ ಜಾಸ್ತಿಯೇ ಹತ್ತಿತು. ಒಂದು ದಿನ ಟೀಚರ್ ಫೋನ್ ಮಾಡಿ, ಲಂಚ್ ಹೊತ್ತಿನಲ್ಲಿ ನಿಮ್ಮ ಮಗಳು ಪಕ್ಕದ ಹುಡುಗನಿಗೆ "ಯೂ ಆರ್ ಮೈಲಿಗೆ, ದೂರ ಕೂತ್ಕೋ" ಅಂದಳಂತೆ, ಹಾಗಂದರೇನು ಅಂತ ಕೇಳಿದರು.

ನನಗೆ ನಗು ಬರಲಿಲ್ಲ. ಆ ಮಾತು ನಮ್ಮ ಊರುಗಳಲ್ಲಿ ಎಂತೆಂಥವರನ್ನು ಬಾಗಿಲಾಚೆ ನಿಲ್ಲಿಸಿದೆ ಅನ್ನುವುದು ನನಗೆ ಗೊತ್ತು. ಸಂಜೆ ಅತ್ತೆಯ ಹತ್ತಿರ ನೇರವಾಗಿಯೇ ಹೇಳಿದೆ. "ಅತ್ತೆ, ಗೋಧಿಗೆ ಎಷ್ಟು ಬೇಕಾದರೂ ಮೈಲಿಗೆ ಇರಲಿ. ಮನುಷ್ಯರಿಗೆ ಬೇಡ."

ಅವರಿಗೆ ಬೇಜಾರಾಯಿತೇನೋ ಅಂದುಕೊಂಡೆ. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಆ ಹುಡುಗ ಮೈಲಿಗಿ ಅಲ್ಲ, ಅವನ ಕೈಯಾಗಿನ ಬಿಸ್ಕೀಟು ಮೈಲಿಗಿ. ಅವಾ ಕೈ ತೊಕ್ಕೊಂಡ್ರ ಮುಗೀತು, ಜೋಡಿ ಕೂತು ಆಡು. ನಾಳೆ ಅವಗ ಸಾರಿ ಅನ್ನು."

ಸಾರಿ ಅಂದಳು. ಕೈ ತೊಳೆದರೆ ಜೊತೆಗೆ ಕೂರಬಹುದು ಅನ್ನುವುದನ್ನೂ ಹೇಳಿರಬೇಕು. ಸ್ವಲ್ಪ ದಿನಕ್ಕೆ ಟೀಚರ್ ಮತ್ತೆ ಫೋನ್ ಮಾಡಿದರು. ಕ್ಲಾಸಿನ ಅಷ್ಟೂ ಮಕ್ಕಳು ಊಟವಾದ ಕೂಡಲೇ ಹೇಳಿಸಿಕೊಳ್ಳದೆ ಸಾಲಾಗಿ ನಿಂತು ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾರಂತೆ, ಪ್ಯಾಂಡೆಮಿಕ್ಕಿಗೂ ಹೆದರದವರು ಇದಕ್ಕೆ ಹೇಗೆ ಬಗ್ಗಿದರು ಅಂತ ಅವರಿಗೆ ಆಶ್ಚರ್ಯ. ಎಲ್ಲ ನಮ್ಮ ಅತ್ತೆಯ ಪಾಠ ಅಂದೆ. ಕೊನೆಗೆ ಟೀಚರ್ ದನಿ ತಗ್ಗಿಸಿ ಕೇಳಿದರು: "ನಿಮ್ಮ ಅತ್ತೆ ಸಬ್‌ಸ್ಟಿಟ್ಯೂಟ್ ಟೀಚರಾಗಿ ಬರುತ್ತಾರಾ?"

ಬಾಗಿಲಲ್ಲಿ ಪುರೋಹಿತರು

ಮುಂದಿನ ರಿಪೋರ್ಟು ಬಂದ ದಿನ ಡಾಕ್ಟರೇ ನಗುತ್ತಾ ಫೋನ್ ಮಾಡಿದರು. ಎಲ್ಲ ಸರಿಯಾಗಿದೆ, ಕರುಳು ವಾಸಿಯಾಗುತ್ತಿದೆ. ಅಷ್ಟರಲ್ಲಿ ಫ್ರಾಕುಗಳೂ ಒಂದೊಂದಾಗಿ ಗಿಡ್ಡವಾಗತೊಡಗಿದ್ದವು. ಗಿಡ್ಡವಾದ ಫ್ರಾಕು ಹಿಡಿದುಕೊಂಡು ಅಷ್ಟು ಸಂತೋಷಪಟ್ಟ ತಾಯಿ ವರ್ಜೀನಿಯಾದಲ್ಲಿ ನಾನೊಬ್ಬಳೇ ಇರಬೇಕು. ಅತ್ತೆ ಯಾವಾಗಲೋ ಹರಕೆ ಹೊತ್ತಿದ್ದರಂತೆ, ಸತ್ಯನಾರಾಯಣ ಪೂಜೆ ಮಾಡಿಸೋಣ ಅಂದರು.

ಸತ್ಯನಾರಾಯಣನ ಪ್ರಸಾದ ಅಂದರೆ ಸಜ್ಜಿಗೆ, ಸಜ್ಜಿಗೆ ಅಂದರೆ ಗೋಧಿ ರವೆ. ಅತ್ತೆ ಅದಕ್ಕೂ ದಾರಿ ಕಂಡುಕೊಂಡಿದ್ದರು. "ಕೂಸಿಗೆ ಆಗದ್ದು ದೇವರಿಗೂ ಬ್ಯಾಡ" ಅಂತ ಅಕ್ಕಿಯನ್ನು ತಾವೇ ತೊಳೆದು, ಒಣಗಿಸಿ, ತರಿ ಮಾಡಿ ಹುರಿದಿಟ್ಟರು. ಅವತ್ತು ಮನೆತುಂಬ ಜನ. ಎಲ್ಲರಿಗೂ ಬಾಗಿಲಲ್ಲೇ ಅತ್ತೆಯ ತಪಾಸಣೆ.

ಪುರೋಹಿತರು ಬೆಳಿಗ್ಗೆ ಇನ್ನೊಂದು ಮನೆಯಲ್ಲಿ ಇದೇ ಪೂಜೆ ಮುಗಿಸಿ ನೇರ ನಮ್ಮಲ್ಲಿಗೆ ಬಂದರು. ರೇಷ್ಮೆ ಪಂಚೆ, ಮೇಲೊಂದು ಕೋಟು, ಕೈಯಲ್ಲಿ ಒಂದು ಡಬ್ಬಿ. ಲಂಗ ಹಾಕಿಕೊಂಡು ಓಡಿಬಂದ ನನ್ನ ಮಗಳನ್ನು ನೋಡಿ, "ಬಾ ಮಗೂ, ನಿನಗೆ ಪ್ರಸಾದ ತಂದಿದ್ದೀನಿ" ಅಂತ ಹೊಸ್ತಿಲು ದಾಟಲು ಕಾಲೆತ್ತಿದರು.

"ಆಚಾರ್ರ, ಅಲ್ಲೇ ನಿಲ್ರಿ!" ಅಂದರು ಅತ್ತೆ.

ಎತ್ತಿದ ಕಾಲು ಅಲ್ಲೇ ನಿಂತಿತು. "ಏನಮ್ಮಾ?"

"ಡಬ್ಬ್ಯಾಗ ಏನದ?"

"ಸಜ್ಜಿಗೆ."

"ಯಾತರದು?"

"ರವೆದು."

"ಕೈಯಿಂದನ ಹಂಚಿ ಬಂದೀರಿ?"

"ಹೌದಮ್ಮಾ."

"ಹಂಗಿದ್ರ ನಿಮ್ಮ ಕೈ ಮೈಲಿಗಿ ಆಗ್ಯಾವ. ಒಳಗ ಬರಬ್ಯಾಡ್ರಿ."

ನನ್ನ ಗಂಡ ಗೋಡೆಯಲ್ಲಿ ಏನೋ ಬಿರುಕು ಹುಡುಕತೊಡಗಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪುರೋಹಿತರು ತಮ್ಮ ಎರಡೂ ಅಂಗೈ ನೋಡಿಕೊಂಡರು, ಶಲ್ಯ ನೋಡಿಕೊಂಡರು. ಅಲ್ಲೂ ನಾಲ್ಕು ಕಾಳು ರವೆ ಅಂಟಿತ್ತು. ಅತ್ತೆ ಮೊಮ್ಮಗಳ ಕಾಯಿಲೆಯನ್ನು ಎರಡು ಮಾತಿನಲ್ಲಿ ಹೇಳಿದರು. ಪುರೋಹಿತರು ದೊಡ್ಡವರು. ಸಿಟ್ಟಾಗಲಿಲ್ಲ, ನಕ್ಕುಬಿಟ್ಟರು.

"ಇಷ್ಟು ವರ್ಷ 'ದೂರ ನಿಲ್ಲಿ' ಅಂತ ನಾನು ಬೇರೆಯವರಿಗೆ ಹೇಳ್ತಿದ್ದೆ. ನಿಂತವರಿಗೆ ಹೇಗನ್ನಿಸುತ್ತೆ ಅಂತ ಇವತ್ತು ಗೊತ್ತಾಯ್ತಮ್ಮಾ. ನೀರೆಲ್ಲಿದೆ?"

ಮನೆಯ ಹೊರಗಿನ ಹೋಸ್ ಪೈಪಿನ ತಣ್ಣೀರಿನಲ್ಲಿ, ಅತ್ತೆ ಸೋಪು ಕೊಡುತ್ತಾ, ಅವರು ತೊಳೆಯುತ್ತಾ, "ಉಗುರಿನ ಸಂದ್ಯಾಗ ಅದ ನೋಡ್ರಿ, ಇನ್ನೊಮ್ಮೆ" ಅನ್ನಿಸಿಕೊಳ್ಳುತ್ತಾ, ಅಂತೂ ಶುದ್ಧರಾದರು. ನನ್ನ ಗಂಡನ ಒಗೆದ ಪಂಚೆ ಉಟ್ಟುಕೊಂಡೇ ಪೂಜೆಗೆ ಕೂತರು. ಡಬ್ಬಿ ಅವರ ಕಾರಿಗೆ ವಾಪಸ್ ಹೋಯಿತು. ಪೂಜೆ ಶುರುವಾಗುವ ಮೊದಲು ಅತ್ತೆ ಅವರ ಕಾಲಿಗೆ ಬಿದ್ದರು. ಅತ್ತೆಯ ಬಗ್ಗೆ ಮದುವೆಯಾದಾಗಿನಿಂದ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಗೊಣಗಾಟವೆಲ್ಲ ಅವತ್ತು ಕರಗಿಹೋಯಿತು. ಈ ಮನೆಗೆ ಅವರು ಬಂದದ್ದು ನಮ್ಮ ಪುಣ್ಯ ಅಂತ ದೇವರ ಮುಂದೆ ಕೂತು ನಿಜವಾಗಿ ಅಂದುಕೊಂಡೆ.

ಮಂಗಳಾರತಿಯಾಯಿತು. ಮಕ್ಕಳೆಲ್ಲ ಪ್ರಸಾದಕ್ಕೆ ಸಾಲಾಗಿ ನಿಂತರು. ನನ್ನ ಮಗಳೂ ನಿಂತಳು. ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸುವ ಸಾಲಿನಲ್ಲಿ ಕಾಯಿಲೆ ಗೊತ್ತಾದ ಮೇಲೆ ಅವಳು ನಿಂತಿದ್ದು ಇದೇ ಮೊದಲು. ಸರದಿ ಬಂದಾಗ ಕೈ ಚಾಚಿದವಳು ಅಭ್ಯಾಸಬಲದಿಂದ ಹಿಂದಕ್ಕೆಳೆದುಕೊಂಡು ಕೇಳಿದಳು. "ಇದು ಸೇಫಾ? ಆರ್ ಯೂ ಶ್ಯೂರ್?"

ಪುರೋಹಿತರು ಅವಳ ಕೈ ಹಿಡಿದು, ಅಂಗೈ ತುಂಬ ಸಜ್ಜಿಗೆ ಹಾಕಿದರು. "ಮಗೂ, ನಿಮ್ಮಜ್ಜಿ ನನ್ನನ್ನೇ ಉಜ್ಜಿ ತೊಳೆದು ಒಳಗೆ ಬಿಟ್ಟಿದ್ದಾರೆ. ಇನ್ನು ಸಜ್ಜಿಗೆನ ಸುಮ್ಮನೆ ಬಿಟ್ಟಿರ್ತಾರಾ? ಧೈರ್ಯವಾಗಿ ತಿನ್ನು."

ಮನೆಯೆಲ್ಲ ನಗು. ಅತ್ತೆ ಮಾತ್ರ ನಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಗಳು ತಿಂದಳು, ಅಂಗೈ ನೆಕ್ಕಿದಳು, ಸಾಲಿನ ಕೊನೆಗೆ ಓಡಿಹೋಗಿ ಮತ್ತೆ ನಿಂತಳು.