ಅಪಶಕುನದ ಕಾಕು

ನಮ್ಮ ಕಾಕು ಒಂದು ಅಪಶಕುನ. ಹೀಗೆಂದು ನಾನು ಹೇಳುತ್ತಿಲ್ಲ, ಅವಳೇ ಹೇಳಿಕೊಳ್ಳುತ್ತಾಳೆ, ಅದೂ ಹೆಮ್ಮೆಯಿಂದ! ಊರವರೆಲ್ಲ ಒಳ್ಳೆಯ ಗಳಿಗೆ ಹುಡುಕುತ್ತಾರಲ್ಲ, ಇವಳು ಕೆಟ್ಟ ಗಳಿಗೆ ಹುಡುಕುತ್ತಾಳೆ. ಹೊಸ ಸೀರೆ ಉಡುವುದು ಅಮಾವಾಸ್ಯೆಗೆ, ಊರಿಗೆ ಹೊರಡುವುದು ರಾಹುಕಾಲಕ್ಕೆ. ಯಾರಾದರೂ ಸೀನಿದರೆ ಸಾಕು, ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾಳೆ. ಎಲ್ಲಿಗೆ ಹೋಗಬೇಕೆಂಬುದನ್ನು ಬಾಗಿಲು ದಾಟಿದ ಮೇಲೆ ಯೋಚಿಸುತ್ತಾಳೆ.

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಧಾರವಾಡದ ಸಪ್ತಾಪುರದಲ್ಲಿ ಮನೆ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ನೌಕರಿ ಮುಗಿಸಿದವಳು. ಅಷ್ಟು ವರ್ಷ ಮಂದಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ ಸೇಡನ್ನು ಈಗ ಪ್ರಶ್ನೆ ಕೇಳಿ ತೀರಿಸಿಕೊಳ್ಳುತ್ತಿದ್ದಾಳೆ ಎಂದು ಕಾಕಾನ ಅಂಬೋಣ. ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ನೀನು ಕಣ್ಣಾರೆ ಕಂಡೆಯಾ? ಈ ಪ್ರಶ್ನೆಗಳನ್ನು ದಾಟಿ ಅವಳ ಮನೆಯ ಹೊಸ್ತಿಲೊಳಗೆ ಬಂದ ಸುದ್ದಿ ಬಹಳ ಕಡಿಮೆ. ಒಮ್ಮೆ ಯಾರೋ ಅವಳ ಮೊಬೈಲಿಗೆ ದೇವರ ಪಟ ಕಳಿಸಿ, ಇದನ್ನು ಹತ್ತು ಮಂದಿಗೆ ಕಳಿಸದಿದ್ದರೆ ಕೆಡುಕಾಗುತ್ತದೆ ಎಂದು ಬರೆದಿದ್ದರು. ಯಾವತ್ತು ಆಗುತ್ತದೆ, ಅವತ್ತು ನಾನು ಊರಲ್ಲಿ ಇರುತ್ತೇನೋ ಇಲ್ಲವೋ ನೋಡಿ ಹೇಳುತ್ತೇನೆ ಎಂದು ಕಾಕು ಮರಳಿ ಬರೆದಳು!

ಅವಳ ಓಣಿಯ ಮೂಲೆಯಲ್ಲಿ ಮಕ್ಬೂಲ್ ಭಾಯಿಯ ಸ್ಕೂಟರ್ ಗ್ಯಾರೇಜಿದೆ. ಬಾಗಿಲಿಗೆ ಪ್ರತಿ ಶನಿವಾರ ಹೊಸ ನಿಂಬೆಹಣ್ಣು, ಮೆಣಸಿನಕಾಯಿ. ನಿಂಬೆಹಣ್ಣು ಕಟ್ಟಿದ ಗಾಡಿ ಕೆಡುವುದಿಲ್ಲವೇ ಎಂದು ಕಾಕು ವಿಚಾರಣೆ ಶುರು ಮಾಡಿದಳು. ಮಕ್ಬೂಲ್ ಭಾಯಿ ಗ್ಯಾರೇಜಿನ ತುಂಬ ಕೈಕಾಲು ಮುರಿದುಕೊಂಡು ನಿಂತ ಗಾಡಿಗಳ ಕಡೆ ಕೈ ತೋರಿಸಿದರು. ಒಂದೊಂದರ ಕೊರಳಿಗೂ ನಿಂಬೆಹಣ್ಣು!

ಮತ್ತೆ ನೀವೇಕೆ ಕಟ್ಟುತ್ತೀರಿ ಎಂದು ಕಾಕು ಗೆಲುವಿನ ಮುಖ ಮಾಡಿದಳು.

"ಅಕ್ಕಾರ, ಇವನ್ನ ಮಾರೂ ಮುದುಕಿ ಬಿಸಿಲಾಗ ನಡಕೊಂಡು ಬರ್ತಾಳ್ರಿ. ನಾನೂ ಬ್ಯಾಡ ಅಂದ್ರ ಆಕಿ ಮುಖ ನೋಡಾಕ ಆಗೂದಿಲ್ರಿ."

ಮುಂದಿನ ಶನಿವಾರದಿಂದ ಕಾಕುವೂ ಮುದುಕಿಯ ಕಾಯಂ ಗಿರಾಕಿ. ಏನು ಮಾಡುತ್ತಾಳೆ ಎಂದಿರಾ? ಚಿತ್ರಾನ್ನ!

ಇನ್ನು ಬೆಕ್ಕಿನ ಪ್ರಕರಣ. ಮಂದಿಗೆ ತಿಳಿವಳಿಕೆ ಹೇಳುವವರು ಸಭೆ ಕೂಡಿಸುತ್ತಾರೆ, ಭಾಷಣ ಮಾಡುತ್ತಾರೆ. ಕಾಕು ಬೆಕ್ಕು ದಾಟಿದ ಕಡೆ ದಾಟುತ್ತಾಳೆ, ಅಷ್ಟೇ. ಓಣಿಯಲ್ಲಿ ಬೆಕ್ಕು ಅಡ್ಡ ಹೋಗಿ ಗಾಡಿಗಳು ನಿಂತವೆಂದರೆ, ಹಿಟ್ಟಿನ ಕೈಯಲ್ಲೇ ಓಡಿಬಂದು ಎಲ್ಲರೆದುರು ರಸ್ತೆ ದಾಟಿ, ನೋಡಿ ನನಗೇನೂ ಆಗಲಿಲ್ಲ, ನೀವೂ ಹೋಗಿ ಎನ್ನುತ್ತಿದ್ದಳು. ಇದನ್ನು ನೋಡಿ ನಾಲ್ಕು ಮಂದಿಯಾದರೂ ಅಂಜಿಕೆ ಬಿಡುತ್ತಾರೆ ಎಂಬುದು ಅವಳ ನಂಬಿಕೆ. ಆದದ್ದೇ ಬೇರೆ. ಬೆಕ್ಕು ಅಡ್ಡ ಬಂದರೆ ಮಂದಿ ಅವಳ ಮನೆಯ ಮುಂದೆ ಬಂದು ಹಾರ್ನ್ ಹೊಡೆಯತೊಡಗಿದರು!

ಆಮೇಲೊಂದು ದಿನ ಹುಬ್ಬಳ್ಳಿಯಲ್ಲಿ ಹೊಸ ಅಂಗಡಿ ಇಟ್ಟವನೊಬ್ಬ, ಉದ್ಘಾಟನೆಗೆ ಬರಬೇಕೆಂದು ಆಟೋ ಕಳಿಸಿದ. ಅಮಾವಾಸ್ಯೆಯ ದಿನ! ತನ್ನ ಮಾತು ಹುಬ್ಬಳ್ಳಿಯವರೆಗೆ ಮುಟ್ಟಿತು ಎಂದು ಕಾಕು ಉಬ್ಬಿ ಹೋದಳು, ಸಂಜೆ ಇಳಿದ ಮುಖ ಹೊತ್ತು ಬಂದಳು. ಜಾಗದಲ್ಲಿ ಏನೋ ದೋಷವಿದೆಯಂತೆ, ಈ ಅಮ್ಮನ ಕಾಲು ಬಿದ್ದರೆ ಯಾವ ದೋಷವೂ ನಿಲ್ಲುವುದಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರಂತೆ.

"ಮಂದಿಗೆ ಬುದ್ಧಿ ಹೇಳಾಕ ಹೋಗಿ ನಾನ ಒಂದು ತಾಯತ ಆಗಿ ಕುಂತೆ," ಎಂದಳು.

"ತಾಯತ ಇಷ್ಟು ಮಾತಾಡೂದಿಲ್ಲ, ತಗೋ," ಎಂದು ಕಾಕಾ ಚಹಾ ಕೊಟ್ಟ.

ನಾವು ಮಕ್ಕಳೆಲ್ಲ ಇಂಥ ಕಥೆಗಳನ್ನು ಹೇಳಿಕೊಂಡು ನಗುತ್ತಲೇ ಬೆಳೆದೆವು. ನಾನಂತೂ ಅವಳ ಪಟ್ಟದ ಶಿಷ್ಯೆ. ಆದರೆ ಶಿಷ್ಯೆಯ ಪರೀಕ್ಷೆ ಬಂದದ್ದು ಹುಬ್ಬಳ್ಳಿಯ ಅತ್ತೆಮನೆಯಲ್ಲಿ. ಈಗ ಮನೆತುಂಬ ಓಡಾಡುವ ನನ್ನ ಮಗಳು ಆಗ ಹೊಟ್ಟೆಯಲ್ಲಿದ್ದಳು. ಸಂಜೆಗೆ ಸೂರ್ಯಗ್ರಹಣ. ಅತ್ತೆಯವರು ಮಧ್ಯಾಹ್ನವೇ ಕಿಟಕಿಗಳಿಗೆ ಹೊದಿಕೆ ಕಟ್ಟಿ, ನೀರಿನ ಕೊಡದ ಮೇಲೆ ದರ್ಭೆ ಇಟ್ಟು, ಕೈಕಾಲು ಆಡಿಸದೆ ಮಲಗು ಎಂದರು. ಗದರಿಸಿ ಅಲ್ಲ, ಅಕ್ಕರೆಯಿಂದ, ಅಂಜಿಕೆಯಿಂದ. ಶಾಲೆಯಲ್ಲಿ ಗ್ರಹಣದ ಚಿತ್ರ ಬರೆದು ಶಹಬ್ಬಾಸ್ ಅನ್ನಿಸಿಕೊಂಡ ನಾನು ಕಟ್ಟಿಗೆಯಂತೆ ಮಲಗಿದೆ. ಒಳಗೊಂದು ಜೀವ ಒದೆಯುತ್ತಿರುವಾಗ ಆ ಚಿತ್ರ ಯಾರಿಗೆ ನೆನಪಾಗುತ್ತದೆ ಹೇಳಿ?

ಆಗ ಕಾಕು ಬಂದಳು. ಕೈಯಲ್ಲಿ ಚುರುಮುರಿ ಕಲಸಿದ ಗಿರಮಿಟ್ ಡಬ್ಬಿ. ಗ್ರಹಣಕ್ಕೆ ಅಂಜಿ ಯಾರೂ ಹೊರಬಿದ್ದಿಲ್ಲ, ಬಸ್ಸಿನಲ್ಲಿ ಎಲ್ಲಿ ಬೇಕಾದಲ್ಲಿ ಕೂಡಬಹುದಿತ್ತು, ಇಂಥ ಗ್ರಹಣ ತಿಂಗಳಿಗೊಂದು ಬರಬೇಕು ಎನ್ನುತ್ತಲೇ ಒಳಗೆ ಬಂದವಳು, ನನ್ನನ್ನು ನೋಡಿ ಅಲ್ಲೇ ನಿಂತಳು. ಇನ್ನು ಭಾಷಣ ಶುರುವಾಗುತ್ತದೆ ಎಂದುಕೊಂಡೆ. ಬಾಗಿಲಲ್ಲಿ ನಿಂತ ಅತ್ತೆಯವರೂ ಹಾಗೇ ಅಂದುಕೊಂಡಿರಬೇಕು. ಕಾಕು ಡಬ್ಬಿ ಬದಿಗಿಟ್ಟು ಮಂಚದ ತುದಿಗೆ ಕೂತಳು.

"ಅಂಜಿಕಿ ಬಂದೈತೇನು?"

ಹೂಂ ಎಂದೆ.

"ಬರ್ತೈತಿ. ನಾನೂ ಹಿಂಗ ಮಲಗಿದ್ದೆ. ನೀರು ಕುಡೀಲಿಲ್ಲ. ಎಲ್ಲಾ ಮನ್ಯಾಗಿನ ಹಿರಿಯಾರು ಹೇಳಿದಂಗ ಮಾಡಿದೆ. ಕೂಸು ಹುಟ್ಟಿ ಒಂದು ವಾರಾನೂ ಉಳೀಲಿಲ್ಲ." ಅವಳು ಸೀರೆಯ ಸೆರಗು ಸರಿಮಾಡಿಕೊಂಡಳು. "ಎಲ್ಲೋ ಕೈ ಆಡಿಸಿರಬೇಕು ನೀ, ಅಂದ್ರು. ಭಾಳ ವರ್ಷ ನಾನೂ ಹುಡುಕಿದೆ, ಯಾವ ಕೈ ಅಂತ."

ಕಾಕುವಿಗೆ ಒಂದು ಕೂಸಿತ್ತು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರನ್ನೂ ಪ್ರಶ್ನೆ ಕೇಳಿದವಳನ್ನು ನಾವು ಒಂದು ದಿನವೂ ಏನೂ ಕೇಳಿರಲಿಲ್ಲ.

ಅತ್ತೆಯವರು ಸದ್ದಿಲ್ಲದೆ ಅಡುಗೆಮನೆಗೆ ಹೋದರು. ಸಿಟ್ಟಾದರೇನೋ ಎಂದುಕೊಂಡೆ. ಮರಳಿ ಬಂದಾಗ ಅವರ ಕೈಯಲ್ಲಿ ಒಂದು ಲೋಟ ನೀರಿತ್ತು.

"ಬರೇ ಗಿರಮಿಟ್ ಗಂಟಲದಾಗ ಹಿಡೀತೈತಿ," ಎಂದು ಅದನ್ನು ನನಗೆ ಕೊಟ್ಟು, ಕಾಕುವಿನ ಪಕ್ಕದಲ್ಲಿ ಒತ್ತಿ ಕೂತರು. ತಾವು ಮಾತ್ರ ಗ್ರಹಣ ಬಿಡುವವರೆಗೆ ಏನೂ ಮುಟ್ಟಲಿಲ್ಲ. ಕಾಕು ಬಲವಂತ ಮಾಡಲೂ ಇಲ್ಲ.

ನಾನು ಎದ್ದು ಕೂತು ನೀರು ಕುಡಿದೆ. ಹೊಟ್ಟೆಯೊಳಗಿನವಳು ಜೋರಾಗಿ ಒದ್ದಳು. ಕಾಕುವಿನ ಕೈ ಹಿಡಿದು ಅಲ್ಲಿಟ್ಟೆ. ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ.

"ನೋಡು, ಕೈಕಾಲು ಆಡಿಸಬ್ಯಾಡ ಅಂತ ಇದಕ್ಕ ಯಾರೂ ಹೇಳೇ ಇಲ್ಲ," ಎಂದು ನಕ್ಕಳು. ಕಣ್ಣು ಒರೆಸಿಕೊಳ್ಳಬೇಕೆಂಬುದೂ ಅವಳಿಗೆ ನೆನಪಿರಲಿಲ್ಲ.